ಪರ್ಸೆಂಟೇಜ್ ಬರೆಯುವ ಡಾಕ್ಟರ್ ಏನು ಓದಿರುತ್ತಾರೆ? ಅಂಗವೈಕಲ್ಯ ತಪಾಸಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇದೆ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಎಷ್ಟು ಪರ್ಸೆಂಟ್ ಅಂಗವೈಕಲ್ಯ ಇದೆ ಎಂದು ಬರೆದುಕೊಡುವ ಅವನ ಮೊದಲ ಸರ್ಟಿಫಿಕೇಟ್ ಒಂದು ಕ್ಯಾಂಪಿನಲ್ಲಿ ಆಯಿತು. ಡಾಕ್ಟರ್ ಮೇಜಿನ ಆಚೆಯಿಂದಲೇ ಅವನ ಕಾಲು ನೋಡಿದರು, ಒಂದು ನಂಬರ್ ಬರೆದರು, ಮುಂದಿನವರನ್ನು ಕರೆದರು. ಕೈ ಮುಟ್ಟಿ ನೋಡಲಿಲ್ಲ. ಮಾತಾಡಿಸಲೂ ಇಲ್ಲ. ಹಾಳೆಯಲ್ಲಿ 40 ಅಂತ ಇತ್ತು. ಕೆಲವು ವರ್ಷದ ಮೇಲೆ ಬೇರೆ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರ್ ಅವನನ್ನು ಚಕ್ಕಳಮಕ್ಕಳ ಕೂರಿಸಿದರು, ಅಂಗಿಯ ಗುಂಡಿ ಹಾಕಿಸಿದರು, ಲೋಟದಲ್ಲಿ ನೀರು ಕುಡಿಯಲು ಹೇಳಿದರು. ಮುಕ್ಕಾಲು ಗಂಟೆ ಹಿಡಿಯಿತು. ಈ ಸಲ 70 ಬಂತು. ಅವನ ಕೈಕಾಲಿನಲ್ಲಿ ಏನೂ ಬದಲಾಗಿರಲಿಲ್ಲ.

ಅಂದಿನಿಂದ ಊರಿನವರು ಯಾರಾದರೂ ಬೋರ್ಡಿಗೆ, ಅಂದರೆ ಈ ಪರ್ಸೆಂಟ್ ಬರೆಯುವ ಡಾಕ್ಟರುಗಳ ಸಮಿತಿಗೆ, ಹೊರಟರೆ ನಾನೂ ಜೊತೆಗೆ ಹೋಗುತ್ತೇನೆ. ದಾರಿಯಲ್ಲಿ ಬಸ್ಸಿನಲ್ಲಿ ಅವರು ಕೇಳುವ ಪ್ರಶ್ನೆಗಳೇ ಇಲ್ಲಿವೆ.

ಎಷ್ಟು ಪರ್ಸೆಂಟ್ ಅಂತ ಹೇಳುವ ಅಧಿಕಾರ ಯಾರಿಗಿದೆ?

ಯಾವ ಡಾಕ್ಟರಿಗೆ ಬೇಕಾದರೂ ಇಲ್ಲ. ನಮ್ಮ ದೇಶದಲ್ಲಿ ಇದನ್ನು ನಡೆಸುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, ಈಗ 21 ಬಗೆ. ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ತಕ್ಕ ಓದು ಮತ್ತು ಅನುಭವ ಇರುವವರನ್ನು ಸರ್ಕಾರ ಈ ಕೆಲಸಕ್ಕೆ ನೇಮಿಸಬೇಕು. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಮುಖ್ಯಸ್ಥರು ಬೋರ್ಡಿನ ಮುಖ್ಯಸ್ಥರಾಗಿರುತ್ತಾರೆ. ಅವರ ಜೊತೆ ಆಯಾ ತೊಂದರೆಗೆ ಸಂಬಂಧಪಟ್ಟ ತಜ್ಞರು ಇರುತ್ತಾರೆ. ಕೈಕಾಲಿಗೆ ಮೂಳೆ ಡಾಕ್ಟರ್ ಅಥವಾ ಪುನಶ್ಚೇತನ ತಜ್ಞರು, ಕಣ್ಣಿಗೆ ಕಣ್ಣಿನ ಡಾಕ್ಟರ್, ಕಿವಿಗೆ ಇಎನ್‌ಟಿ, ಮನಸ್ಸಿನ ಕಾಯಿಲೆಗೆ ಸೈಕಿಯಾಟ್ರಿಸ್ಟ್.

ಈ ಅಳತೆ ಮಾಡುವುದಕ್ಕೆ ಅಂತ ಡಾಕ್ಟರಿಗೆ ಬೇರೆ ಕೋರ್ಸ್ ಇದೆಯಾ?

ಕಾಯ್ದೆ ಅಂಥ ಪ್ರತ್ಯೇಕ ಡಿಗ್ರಿಯನ್ನು ಕೇಳುವುದಿಲ್ಲ. ಮೂಳೆ ಡಾಕ್ಟರ್ ಆಗಿದ್ದರೆ ಕೈಕಾಲಿನ ಅಂಗವೈಕಲ್ಯ ಅಳೆಯಲು ಬರುತ್ತದೆ ಎಂದೇ ಇಡೀ ವ್ಯವಸ್ಥೆ ನಂಬಿಕೊಂಡಿದೆ. ನನ್ನ ಪ್ರಕಾರ ಎಲ್ಲ ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ.

ಯೋಚನೆ ಮಾಡಿ. ಮೂಳೆ ಡಾಕ್ಟರ್ ವರ್ಷಗಟ್ಟಲೆ ಕಲಿತದ್ದು ಮುರಿದ ಮೂಳೆ ಕೂಡಿಸುವುದನ್ನು, ಸವೆದ ಕೀಲು ಬದಲಿಸುವುದನ್ನು. ಅವರ ಕೆಲಸ ವಾಸಿ ಮಾಡುವುದು. ವಾಸಿಯಾಗದೆ ಉಳಿದ ಕೈಯಲ್ಲಿ ಒಬ್ಬ ಹೆಂಗಸು ರೊಟ್ಟಿ ಬಡಿಯುವುದು ಹೇಗೆ, ಜಡೆ ಹಾಕಿಕೊಳ್ಳುವುದು ಹೇಗೆ ಎಂದು ಅಳೆಯುವುದು ಬೇರೆಯೇ ಕಸುಬು. ಎಕ್ಸ್‌ರೇ ನೋಡಿ ಅದನ್ನು ಹೇಳಲಾಗದು. ಒಂದೇ ಥರದ ಎಕ್ಸ್‌ರೇ ಇರುವ ಇಬ್ಬರಲ್ಲಿ ಒಬ್ಬರು ಮಹಡಿ ಹತ್ತಬಹುದು, ಇನ್ನೊಬ್ಬರಿಗೆ ಹೊಸ್ತಿಲು ದಾಟುವುದೂ ಕಷ್ಟ ಇರಬಹುದು.

ಡಾಕ್ಟರುಗಳ ಕೈಯಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಇರುತ್ತದೆ. ಮೊದಲನೆಯದು 2018ರ ಜನವರಿಯಲ್ಲಿ ಬಂತು, 2024ರ ಮಾರ್ಚ್‌ನಲ್ಲಿ ಅದನ್ನು ಪರಿಷ್ಕರಿಸಿದರು. ಯಾವ ತೊಂದರೆಗೆ ಯಾವ ಪರೀಕ್ಷೆ, ಯಾವ ಅಂಕಕ್ಕೆ ಎಷ್ಟು ಪರ್ಸೆಂಟ್ ಎಂದು ಅದರಲ್ಲಿ ವಿವರವಾಗಿ ಇದೆ. ಅದನ್ನು ಮನಸ್ಸಿಟ್ಟು ಓದಿ, ಅಳೆಯುವ ಅಭ್ಯಾಸ ಮಾಡಿಕೊಂಡ ಡಾಕ್ಟರ್ ಸಿಕ್ಕರೆ ನಿಮ್ಮ ಅದೃಷ್ಟ. ಅದೃಷ್ಟದ ಮೇಲೆ ಬಿಡುವಂಥ ವಿಷಯ ಇದಲ್ಲ, ಅಲ್ವಾ? ಕೆಲವು ಕಡೆ ಒಂದೆರಡು ದಿನದ ತರಬೇತಿ ನಡೆಯುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ವರ್ಗಾವಣೆ ಆಗುತ್ತಲೇ ಇರುತ್ತದೆ. ಕಲಿತವರು ಹೋಗುತ್ತಾರೆ, ಹೊಸಬರು ಬರುತ್ತಾರೆ.

ಎಂಬಿಬಿಎಸ್‌ನಲ್ಲೇ ಕಲಿಸುವುದಿಲ್ಲವಾ?

ಕಲಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ಡಾಕ್ಟರ್, ನರ್ಸ್, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಎಲ್ಲರ ಓದಿನಲ್ಲೂ ಅಂಗವೈಕಲ್ಯದ ವಿಷಯ ಸೇರಿರಬೇಕು ಎನ್ನುತ್ತದೆ 47ನೇ ಸೆಕ್ಷನ್. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಮೊದಲ ತಿಂಗಳ ಫೌಂಡೇಶನ್ ಕೋರ್ಸ್‌ನಲ್ಲಿ ಇದಕ್ಕೆ ಜಾಗ ಸಿಕ್ಕಿತು. ಅದರ ಹಿಂದೆ ದೆಹಲಿಯ ಡಾ. ಸತೇಂದ್ರ ಸಿಂಗ್ ಅವರಂಥ, ಸ್ವತಃ ಅಂಗವೈಕಲ್ಯ ಇರುವ ಡಾಕ್ಟರುಗಳ ಹೋರಾಟ ಇತ್ತು. ಸಿಕ್ಕಿದ್ದು ಒಟ್ಟು 7 ಗಂಟೆ. ಐದೂವರೆ ವರ್ಷದ ಓದಿನಲ್ಲಿ 7 ಗಂಟೆ! 2024ರ ಆಗಸ್ಟ್ ಕೊನೆಗೆ ಬಂದ ಎಂಬಿಬಿಎಸ್ ಪಠ್ಯಕ್ರಮದ ಹೊಸ ಮಾರ್ಗಸೂಚಿಯಲ್ಲಿ ಅದನ್ನೂ ಕೈಬಿಟ್ಟಿದ್ದರು. ಬೇರೆ ತಪ್ಪುಗಳೂ ಇದ್ದವು. ದೊಡ್ಡ ಗಲಾಟೆ ಆಗಿ ಸೆಪ್ಟೆಂಬರ್ 5ರಂದು ಆ ಮಾರ್ಗಸೂಚಿಯನ್ನೇ ವಾಪಸ್ ಪಡೆಯಬೇಕಾಯಿತು.

ಹಾಗಾದರೆ ಇದನ್ನೇ ಓದಿದ ಡಾಕ್ಟರ್ ಯಾರೂ ಇಲ್ಲವಾ?

ಇದ್ದಾರೆ. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಅಂತ ಒಂದು ವಿಭಾಗ ಇದೆ, ಸುಲಭಕ್ಕೆ ಪಿಎಂಆರ್ ಅನ್ನುತ್ತಾರೆ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಎಂಡಿ. ಈ ಡಾಕ್ಟರುಗಳನ್ನು ಫಿಸಿಯಾಟ್ರಿಸ್ಟ್ ಅಂತ ಕರೆಯುತ್ತಾರೆ. ಸೈಕಿಯಾಟ್ರಿಸ್ಟ್ ಬೇರೆ, ಫಿಸಿಯೋಥೆರಪಿಸ್ಟ್ ಬೇರೆ, ಇವರು ಬೇರೆ. ಪಾರ್ಶ್ವವಾಯು ಆದವರು, ಬೆನ್ನುಹುರಿಗೆ ಪೆಟ್ಟಾದವರು, ಕೈಕಾಲು ಕಳೆದುಕೊಂಡವರು ಮತ್ತೆ ದಿನದ ಬದುಕಿಗೆ ಮರಳುವುದು ಹೇಗೆ ಎನ್ನುವುದೇ ಇವರ ಓದು. ಕೃತಕ ಕಾಲು, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್, ವೀಲ್‌ಚೇರ್ ಎಲ್ಲದರ ಲೆಕ್ಕ ಇವರಿಗೆ ಗೊತ್ತು. ಆದರೆ ಎಣಿಕೆಯಲ್ಲಿ ಕಡಿಮೆ, ಇರುವವರೂ ದೊಡ್ಡ ಊರುಗಳಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇವರನ್ನು ಹುಡುಕಿದರೆ ಸಿಗುವುದು ಕಷ್ಟ.

ಕೈಕಾಲಿನ ತಪಾಸಣೆ ಸರಿಯಾಗಿ ಆಗಿದೆಯಾ ಅಂತ ನಮಗೆ ಹೇಗೆ ಗೊತ್ತಾಗುತ್ತದೆ?

ಈ ಪ್ರಶ್ನೆಗೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಾವು ನೋಡಿ ತಿಳಿದುಕೊಳ್ಳಬಹುದಾದ ವಿಷಯ ಇದು.

2018ರ ಮಾರ್ಗಸೂಚಿಯಲ್ಲಿ ಕೈಯನ್ನು ಎರಡು ಭಾಗ ಮಾಡಿದ್ದಾರೆ, ತೋಳು ಮತ್ತು ಹಸ್ತ. ತೋಳಿನಲ್ಲಿ ಮೂರು ವಿಷಯ ಅಳೆಯಬೇಕು. ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ, ಎಲ್ಲ ಸೇರಿ ಕೆಲಸ ಆಗುತ್ತದೆಯಾ. ಕೀಲಿನ ಅಳತೆಗೆ ಗೋನಿಯೋಮೀಟರ್ ಅಂತ ಒಂದು ಸಾಧನ ಇದೆ. ಶಾಲೆಯ ಕೋನಮಾಪಕಕ್ಕೆ ಎರಡು ಕಡ್ಡಿ ಸೇರಿಸಿದ ಹಾಗೆ ಕಾಣುತ್ತದೆ. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ. ಡಾಕ್ಟರ್ ಕೈಯಿಂದ ಒತ್ತಿ, "ತಳ್ಳಿ ನೋಡೋಣ" ಎನ್ನಬೇಕು.

ಮೂರನೆಯದರಲ್ಲಿ ಹತ್ತು ಕೆಲಸಗಳಿವೆ, ಒಂದೊಂದಕ್ಕೂ 9 ಅಂಕ. ತಲೆಗಿಂತ ಮೇಲಿರುವ ವಸ್ತು ತೆಗೆದು ಇಡುವುದು, ಮೂಗು ಮುಟ್ಟುವುದು, ನಮ್ಮ ರೀತಿಯಲ್ಲಿ ಕೈಯಿಂದ ಊಟ ಮಾಡುವುದು, ತಲೆ ಬಾಚಿ ಜಡೆ ಹಾಕುವುದು, ಅಂಗಿ ತೊಡುವುದು, ಶೌಚ ಮಾಡಿಕೊಳ್ಳುವುದು, ಲೋಟದಲ್ಲಿ ನೀರು ಕುಡಿಯುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು ಅಥವಾ ಪಂಚೆ ಉಡುವುದು, ಬರೆಯುವುದು. ಈ ಪಟ್ಟಿ ಮೊದಲ ಸಲ ಓದಿದಾಗ ನನಗೆ ಗಂಟಲು ಕಟ್ಟಿತು. ನನ್ನ ತಮ್ಮ ದಿನಾ ಬೆಳಿಗ್ಗೆ ಒದ್ದಾಡುವ ಪ್ರತಿಯೊಂದು ಕೆಲಸವೂ ಸರ್ಕಾರಿ ಕಾಗದದಲ್ಲಿ ಇತ್ತು. ಕ್ಯಾಂಪಿನಲ್ಲಿ ಅದರಲ್ಲಿ ಒಂದನ್ನೂ ಕೇಳಿರಲಿಲ್ಲ.

ಕಾಲಿಗೂ ಹಾಗೆಯೇ. ಸಮ ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡು ಕಾಲಲ್ಲಿ ನಿಲ್ಲುವುದು, ತೊಂದರೆ ಇರುವ ಒಂದೇ ಕಾಲಲ್ಲಿ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಕೂರುವುದು, ಮಂಡಿಯೂರುವುದು, ತಿರುಗುವುದು. ಒಟ್ಟು ಒಂಬತ್ತು, ಒಂದೊಂದಕ್ಕೆ 10 ಅಂಕ. ಕೀಲು ಮತ್ತು ಸ್ನಾಯುವಿನ ಅಳತೆ ಇದರ ಜೊತೆಗೆ.

ಡಾಕ್ಟರ್ ಕುರ್ಚಿಯಿಂದ ಎದ್ದರಾ? ಮುಟ್ಟಿ ನೋಡಿದರಾ? ಏನಾದರೂ ಮಾಡಿ ತೋರಿಸಲು ಹೇಳಿದರಾ? ಮೂರಕ್ಕೂ ಇಲ್ಲ ಎನ್ನುವುದಾದರೆ ಅಳತೆ ಆಗಿಲ್ಲ, ಅಂದಾಜು ಆಗಿದೆ.

ಪಾರ್ಶ್ವವಾಯು ಆಗಿ ಎರಡು ತಿಂಗಳಾಯಿತು. ಈಗಲೇ ಹೋಗಬಹುದಾ?

ನರಕ್ಕೆ ಸಂಬಂಧಪಟ್ಟ ತೊಂದರೆಯನ್ನು ಶುರುವಾಗಿ ಆರು ತಿಂಗಳು ಕಳೆದ ಮೇಲೆ ಅಳೆಯಬೇಕು ಎನ್ನುತ್ತದೆ 2018ರ ಮಾರ್ಗಸೂಚಿ. ಅಷ್ಟರಲ್ಲಿ ಸ್ವಲ್ಪ ಶಕ್ತಿ ಮರಳಬಹುದು. ಅಳೆಯಬೇಕಾದದ್ದು ಕಾಯಿಲೆಯನ್ನಲ್ಲ, ಅದು ಉಳಿಸಿಹೋದ ತೊಂದರೆಯನ್ನು ಎಂದೂ ಅದರಲ್ಲೇ ಇದೆ.

ಕೈಗೆ 60, ಮಾತಿಗೆ 30. ಕೂಡಿಸಿದರೆ 90 ಆಗಬೇಕಲ್ಲ, 70 ಯಾಕೆ ಬರೆದರು?

ಡಾಕ್ಟರ್ ಮೋಸ ಮಾಡಿಲ್ಲ. ನೇರವಾಗಿ ಕೂಡಿಸುವ ಹಾಗಿಲ್ಲ, ಕೂಡಿಸುತ್ತಾ ಹೋದರೆ ನೂರು ದಾಟಿಬಿಡುತ್ತದೆ. ಅದಕ್ಕೆ ಒಂದು ಸೂತ್ರ ಇದೆ. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆಯಿರಿ, 30 ಉಳಿಯಿತು. ಅದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ 90ರಿಂದ ಭಾಗಿಸಿ, 10 ಬಂತು. ಅದನ್ನು ದೊಡ್ಡ ಸಂಖ್ಯೆಗೆ ಸೇರಿಸಿ, 70. ಮನೆಯಲ್ಲಿ ನೀವೇ ಲೆಕ್ಕ ಹಾಕಿ ನೋಡಿ. ತಪ್ಪು ಆಗುವುದು ಈ ಲೆಕ್ಕದಲ್ಲಿ ಅಲ್ಲ, ಎರಡನೇ ತೊಂದರೆಯನ್ನು ಬರೆಯದೇ ಬಿಡುವುದರಲ್ಲಿ. ಕೈಕಾಲಿಗೆ ಬಂದವರ ಮಾತು, ಕಣ್ಣು, ಕಿವಿ ಯಾರೂ ಕೇಳುವುದಿಲ್ಲ. ನೀವೇ ಹೇಳಬೇಕು.

ಕಿವಿಯ ತಪಾಸಣೆ ಯಾರು ಮಾಡುತ್ತಾರೆ?

ಸಹಿ ಇಎನ್‌ಟಿ ಡಾಕ್ಟರದ್ದು, ಆದರೆ ಪರೀಕ್ಷೆ ಮಾಡುವುದು ಆಡಿಯಾಲಜಿಸ್ಟ್. ಇವರು ಎಂಬಿಬಿಎಸ್ ಅಲ್ಲ. ಮಾತು ಮತ್ತು ಶ್ರವಣದ ನಾಲ್ಕು ವರ್ಷದ ಡಿಗ್ರಿ ಓದಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಈ ಓದಿಗೆ ದೇಶದಲ್ಲೇ ದೊಡ್ಡ ಹೆಸರು ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಿಂದ ಇದೆ. ನಮ್ಮ ಜನ ಸುಮ್ನೆ "ಸ್ಪೀಚ್ ಅಂಡ್ ಹಿಯರಿಂಗ್" ಅನ್ನುತ್ತಾರೆ.

ಸದ್ದು ಬಾರದ ಕೋಣೆಯಲ್ಲಿ ಪರೀಕ್ಷೆ ಆಗಬೇಕು. ಫ್ಯಾನ್ ಸದ್ದು, ಹೊರಗೆ ಕ್ಯೂನಲ್ಲಿ ಮಾತಾಡುವವರ ಸದ್ದು ಇದ್ದರೆ ಅಳತೆ ಸರಿ ಬರುವುದಿಲ್ಲ. ಗುಂಡಿ ಒತ್ತಿ ಉತ್ತರ ಹೇಳಲಾಗದ ಸಣ್ಣ ಮಕ್ಕಳಿಗೆ ಬೆರಾ ಎಂಬ ಪರೀಕ್ಷೆ ಇದೆ. ಅದರಲ್ಲಿ ಮಗು ಮಲಗಿದ್ದಾಗಲೇ ಕಿವಿಯ ನರ ಸದ್ದಿಗೆ ಸ್ಪಂದಿಸುತ್ತದೆಯಾ ಎಂದು ಯಂತ್ರ ನೋಡುತ್ತದೆ. ಲೆಕ್ಕದಲ್ಲಿ ಚೆನ್ನಾಗಿ ಕೇಳುವ ಕಿವಿಗೆ ಐದು ಪಟ್ಟು ತೂಕ. ಒಂದು ಕಿವಿಯ ನಷ್ಟ 40, ಇನ್ನೊಂದರದ್ದು ಪೂರ್ತಿ 100 ಆದರೆ ಒಟ್ಟು 50 ಬರುತ್ತದೆ.

ಒಂದು ಕಣ್ಣು ಪೂರ್ತಿ ಹೋಗಿದೆ. ಆದರೂ 40 ಬರಲಿಲ್ಲ. ಡಾಕ್ಟರ್ ತಪ್ಪು ಮಾಡಿದರಾ?

ಇಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಮಾರ್ಗಸೂಚಿಯಲ್ಲಿ 30 ಮಾತ್ರ. ಕನ್ನಡಕ ಹಾಕಿದ ಮೇಲೆ ಎಷ್ಟು ಕಾಣುತ್ತದೆ ಎನ್ನುವುದನ್ನೇ ಅಳೆಯುತ್ತಾರೆ. ಇದರಿಂದ ಡ್ರೈವಿಂಗ್‌ನಂಥ ಕೆಲಸ ಕಳೆದುಕೊಂಡವರ ಸಂಕಟ ನನಗೆ ಗೊತ್ತು, ಆದರೆ ಅದು ನಿಯಮದ ಜಗಳ, ಡಾಕ್ಟರ್ ಜೊತೆ ಆಡುವ ಜಗಳ ಅಲ್ಲ.

ಮಗಳಿಗೆ ಬುದ್ಧಿ ಬೆಳವಣಿಗೆ ನಿಧಾನ. ಯಾರು ನೋಡಬೇಕು?

ಮಕ್ಕಳ ಡಾಕ್ಟರ್ ಅಥವಾ ಸೈಕಿಯಾಟ್ರಿಸ್ಟ್ ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಕ್ಲಿನಿಕಲ್ ಸೈಕಾಲಜಿಯ ಎರಡು ವರ್ಷದ ಎಂಫಿಲ್ ಓದಿನಿಂದ ಬಂದು, ಪುನರ್ವಸತಿ ಪರಿಷತ್ತಿನ ನೋಂದಣಿ ಇರುವವರು ಇವರು. ಬರೀ ಎಂಎ ಸೈಕಾಲಜಿ ಮಾಡಿದವರಿಗೂ ಇವರಿಗೂ ಜಾಸ್ತಿ ವ್ಯತ್ಯಾಸ ಇದೆ.

ಬುದ್ಧಿಯ ಪರೀಕ್ಷೆ ಒಂದೇ ಸಾಲದು. ಮಗು ತಾನೇ ಊಟ ಮಾಡುತ್ತದೆಯಾ, ಬಟ್ಟೆ ಹಾಕಿಕೊಳ್ಳುತ್ತದೆಯಾ, ಅಂಗಡಿಗೆ ಹೋಗಿ ಬರುತ್ತದೆಯಾ ಎಂದು ತಾಯಿಯನ್ನು ಕೇಳಿ ತುಂಬುವ ವೈನ್‌ಲ್ಯಾಂಡ್ ಅಳತೆಪಟ್ಟಿಯೂ ಬೇಕು. 2018ರ ಮಾರ್ಗಸೂಚಿಯಲ್ಲಿ ಇದರ ಅಂಕ 55ರಿಂದ 69ರ ನಡುವೆ ಬಂದರೆ 50 ಪರ್ಸೆಂಟ್, 36ರಿಂದ 54 ಬಂದರೆ 75 ಪರ್ಸೆಂಟ್. ಹಾಗಾಗಿ ತಾಯಿ ಕೊಡುವ ಉತ್ತರಕ್ಕೆ ತುಂಬಾ ಬೆಲೆ ಇದೆ. ನಮ್ಮ ತಾಯಂದಿರು ಏನು ಮಾಡುತ್ತಾರೆ ಗೊತ್ತಾ? ಡಾಕ್ಟರ್ ಮುಂದೆ ಮಗಳನ್ನು ಬಿಟ್ಟುಕೊಡಲು ಮನಸ್ಸಾಗದೆ "ಎಲ್ಲಾ ಅವಳೇ ಮಾಡ್ಕೋತಾಳೆ ಸಾರ್" ಎಂದುಬಿಡುತ್ತಾರೆ. ಹಿಂದೆ ನಿಂತು ಕೈ ಹಿಡಿದು ಮಾಡಿಸುವುದು ತಾವೇ ಎಂದು ಹೇಳುವುದಿಲ್ಲ. ಒಳ್ಳೆಯ ಸೈಕಾಲಜಿಸ್ಟ್ ಮತ್ತೆ ಮತ್ತೆ ಕೇಳಿ ಅದನ್ನು ಹೊರಗೆ ತೆಗೆಯುತ್ತಾರೆ. ಅವಸರದಲ್ಲಿರುವವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳುತ್ತಾರೆ.

ಭಾಷೆಯ ವಿಷಯವೂ ಇದೆ. ನಮ್ಮಲ್ಲಿ ತುಂಬಾ ಬಳಸುವ ಬಿನೆ-ಕಾಮತ್ ಬುದ್ಧಿ ಪರೀಕ್ಷೆಯನ್ನು ಕಾಮತ್ ಅವರು 1930ರ ದಶಕದಲ್ಲಿ ಸಿದ್ಧಮಾಡಿದ್ದೇ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನು ಪರೀಕ್ಷಿಸಿ. ಮಗುವಿನ ಭಾಷೆಯಲ್ಲಿ ಕೇಳದಿದ್ದರೆ ಬುದ್ಧಿ ಅಳೆಯಲಾಗದು ಎಂದು ಆಗಲೇ ಗೊತ್ತಿತ್ತು. ಇವತ್ತು ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಪುಸ್ತಕದ ಕನ್ನಡದಲ್ಲಿ, ಕನ್ನಡದ ಮಗುವಿಗೆ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳುವುದನ್ನು ನಾನೇ ಕಂಡಿದ್ದೇನೆ. "ಇವಳಿಗೆ ಈ ಭಾಷೆ ಬರುವುದಿಲ್ಲ, ನಮ್ಮ ಮಾತಲ್ಲಿ ಕೇಳಿ" ಎನ್ನಿ. ಹಾಗೆ ಹೇಳುವುದು ಸೊಕ್ಕಲ್ಲ.

ಆಟಿಸಂ?

ಅದಕ್ಕೆ ಇಸಾ ಎಂಬ ಭಾರತದ್ದೇ ಅಳತೆಪಟ್ಟಿ ಇದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿದ್ದು. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ ಎಂದು ಲೆಕ್ಕ. ಮಗುವನ್ನು ನೋಡಬೇಕು, ಆಟ ಆಡಿಸಬೇಕು, ಅಪ್ಪ ಅಮ್ಮನ ಜೊತೆ ಮಾತಾಡಬೇಕು. ಐದು ನಿಮಿಷದಲ್ಲಿ 40 ಅಂಶಕ್ಕೆ ಅಂಕ ಕೊಡಲು ಯಾರಿಂದಲೂ ಆಗದು.

ಅಣ್ಣನಿಗೆ ಸ್ಕಿಜೋಫ್ರೇನಿಯಾ. ಬೋರ್ಡಿಗೆ ಹೋದ ದಿನ ಚೆನ್ನಾಗೇ ಮಾತಾಡಿದ. ಏನಾಗುತ್ತದೆ?

ಮನೆಯವರಿಗೆ ಇದೇ ದೊಡ್ಡ ಭಯ. ಮನಸ್ಸಿನ ಕಾಯಿಲೆ ಕಣ್ಣಿಗೆ ಕಾಣುವುದಿಲ್ಲ. ಮಾತ್ರೆ ನುಂಗಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದವನನ್ನು ನೋಡಿ "ಇವನಿಗೇನಾಗಿದೆ" ಎಂದು ಕೇಳಿದವರೂ ಇದ್ದಾರೆ.

ಇದಕ್ಕೂ ಭಾರತದ ಸೈಕಿಯಾಟ್ರಿಸ್ಟ್‌ಗಳ ಸಂಘವೇ ಮಾಡಿದ ಐಡಿಯಾಸ್ ಎಂಬ ಅಳತೆ ಇದೆ. ನಾಲ್ಕು ವಿಷಯ ನೋಡುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆಗಿನ ಒಡನಾಟ, ಮಾತು ಮತ್ತು ಅರ್ಥ ಮಾಡಿಕೊಳ್ಳುವುದು, ಕೆಲಸ. ಒಂದೊಂದಕ್ಕೂ 0ಯಿಂದ 4. ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂಬುದಕ್ಕೂ ಅಂಕ ಸೇರಿ ಒಟ್ಟು 20. ಅದರಲ್ಲಿ 7 ಬಂದರೆ 40 ಪರ್ಸೆಂಟ್ ತಲುಪಿದ ಹಾಗೆ.

ಅಂದರೆ ಆ ದಿನ ಅವನು ಹೇಗೆ ಮಾತಾಡಿದ ಎನ್ನುವುದು ಇಲ್ಲಿ ಮುಖ್ಯವೇ ಅಲ್ಲ. ಎಷ್ಟು ಕೆಲಸ ಹಿಡಿದು ಬಿಟ್ಟ, ಎಷ್ಟು ದಿನ ಕೋಣೆಯಿಂದ ಹೊರಗೆ ಬರಲಿಲ್ಲ, ಸ್ನಾನಕ್ಕೆ ಯಾರು ನೆನಪಿಸುತ್ತಾರೆ ಎನ್ನುವುದು ಮುಖ್ಯ. ಅದನ್ನು ಹೇಳಲು ಮನೆಯವರೊಬ್ಬರು ಒಳಗೆ ಹೋಗಲೇಬೇಕು. ಹಳೆಯ ಚೀಟಿಗಳು, ಅಡ್ಮಿಟ್ ಆಗಿದ್ದ ದಾಖಲೆ ಎಲ್ಲ ತೆಗೆದುಕೊಂಡು ಹೋಗಿ.

ಓದು ಬರಹದ ತೊಂದರೆಗೆ, ಡಿಸ್ಲೆಕ್ಸಿಯಾಕ್ಕೆ?

ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟನ್ನೇ 2018ರ ಮಾರ್ಗಸೂಚಿ ದೇಶಕ್ಕೆಲ್ಲ ನಿಗದಿ ಮಾಡಿದೆ. 8 ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್, ಮತ್ತೆ 14ಕ್ಕೆ, 18ಕ್ಕೆ.

ನಮ್ಮ ಮಗನನ್ನು ಹತ್ತು ವರ್ಷದಿಂದ ನೋಡುತ್ತಿರುವ ಡಾಕ್ಟರ್ ಬರೆದ ಪತ್ರಕ್ಕೆ ಬೆಲೆ ಇಲ್ಲವಾ?

ಅದೇ ಸರ್ಟಿಫಿಕೇಟ್ ಆಗುವುದಿಲ್ಲ, ಆದರೆ ತುಂಬಾ ಉಪಯೋಗ ಇದೆ. ಬೋರ್ಡಿನ ಡಾಕ್ಟರ್ ನಿಮ್ಮನ್ನು ನೋಡುವುದು ಅದೇ ಮೊದಲ ಸಲ. ಕಾಯಿಲೆಯ ಹೆಸರು ಮಾತ್ರ ಬರೆಸಿಕೊಳ್ಳಬೇಡಿ. "ಮೆಟ್ಟಿಲು ಹತ್ತಲು ಒಬ್ಬರ ಆಸರೆ ಬೇಕು, ಎಡಗೈಯಲ್ಲಿ ಲೋಟ ಹಿಡಿಯಲಾಗದು" ಎನ್ನುವ ಥರ ವಿವರ ಬರೆಸಿ.

ಕ್ಯಾಂಪಿಗೆ ಹೋಗುವುದು ಒಳ್ಳೆಯದಾ, ಆಸ್ಪತ್ರೆಗಾ?

ಕ್ಯಾಂಪನ್ನು ನಾನು ಬೈಯುವುದಿಲ್ಲ. ಬಸ್ಸಿಗೆ ದುಡ್ಡಿಲ್ಲದವರಿಗೆ, ಎತ್ತಿಕೊಂಡೇ ಬರಬೇಕಾದವರಿಗೆ ಅದೇ ದಾರಿ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅಷ್ಟು ಜನರನ್ನು ನೋಡಲು ತಜ್ಞರು ಎಲ್ಲಿದ್ದಾರೆ? ಆದರೆ ಒಂದೇ ಬೆಳಿಗ್ಗೆ ನೂರಾರು ಜನ ಬಂದಾಗ ಡಾಕ್ಟರಿಗೆ ಎಷ್ಟೇ ಗೊತ್ತಿದ್ದರೂ ಅಳೆಯಲು ಸಮಯ ಇರುವುದಿಲ್ಲ. ನೋಡಿದ ಕೂಡಲೇ ಗೊತ್ತಾಗುವ ತೊಂದರೆಗೆ ಕ್ಯಾಂಪ್ ಸಾಕು. ಬುದ್ಧಿಗೆ, ಮನಸ್ಸಿಗೆ, ಆಟಿಸಂಗೆ, ಎರಡು ಮೂರು ತೊಂದರೆ ಸೇರಿದ್ದಕ್ಕೆ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿಗೆ ಹೋಗಿ. ಅಂಗವಿಕಲರ ನೆರವಿಗೆ ಇರುವ ಕಾರ್ಯಕರ್ತರಾದ ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನ ಎಂಆರ್‌ಡಬ್ಲ್ಯು ಅವರಿಗೆ ಯಾವ ದಿನ ಯಾವ ತಜ್ಞರು ಬರುತ್ತಾರೆ ಅಂತ ಗೊತ್ತಿರುತ್ತದೆ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು, ಈ ಕಷ್ಟ ಅವರಿಗೆ ಬಾಯಿಪಾಠ.

ಒಂದೆರಡು ಪರ್ಸೆಂಟ್‌ಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

39ಕ್ಕೂ 40ಕ್ಕೂ ನಡುವೆ ಒಂದು ಗೋಡೆ ಇದೆ, ಅದಕ್ಕೆ. 40 ಬಂದರೆ ಸರ್ಕಾರಿ ಕೆಲಸದ 4 ಪರ್ಸೆಂಟ್ ಮತ್ತು ಉನ್ನತ ಶಿಕ್ಷಣದ 5 ಪರ್ಸೆಂಟ್ ಮೀಸಲಾತಿಗೆ ಅರ್ಜಿ ಹಾಕಬಹುದು. ನಮ್ಮ ರಾಜ್ಯದ ಮಾಸಾಶನವೂ ಅಲ್ಲಿಂದಲೇ ಶುರು, 75 ದಾಟಿದರೆ ಮೊತ್ತ ಜಾಸ್ತಿ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ 80 ಬೇಕು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ 40ಕ್ಕೆ 75,000 ರೂಪಾಯಿ ವಿನಾಯಿತಿ, 80ಕ್ಕೆ 1,25,000.

ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಬಣ್ಣವೂ ಹೀಗೆಯೇ. 2024ರ ನಿಯಮದ ಪ್ರಕಾರ 40ರ ಒಳಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ.

ಮುಂಬೈಯಲ್ಲಿ ಮಾಡಿಸಿದ ಸರ್ಟಿಫಿಕೇಟ್ ವಿಜಯಪುರದಲ್ಲಿ ನಡೆಯುತ್ತದಾ?

ನಡೆಯುತ್ತದೆ. ದೇಶದ ಎಲ್ಲಾ ಕಡೆ.

ಅಪಘಾತದ ಕೇಸಿನಲ್ಲೂ ಇದೇ ಪರ್ಸೆಂಟೇಜ್ ಲೆಕ್ಕಕ್ಕೆ ಬರುತ್ತದಾ?

ಇಲ್ಲಿ ತುಂಬಾ ಜನ ಎಡವುತ್ತಾರೆ. ದೇಹಕ್ಕೆ ಎಷ್ಟು ಊನ ಆಗಿದೆ ಎಂಬುದು ಒಂದು. ಅದರಿಂದ ದುಡಿಮೆ ಎಷ್ಟು ಕಳೆದುಹೋಯಿತು ಎಂಬುದು ಇನ್ನೊಂದು. 2010ರಲ್ಲಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಮೊದಲನೆಯದನ್ನು ಹೇಳುವುದು ಡಾಕ್ಟರ್ ಕೆಲಸ. ಎರಡನೆಯದನ್ನು ತೀರ್ಮಾನಿಸಬೇಕಾದದ್ದು ನ್ಯಾಯಮಂಡಳಿ. ಚಿಕಿತ್ಸೆಯನ್ನೇ ಕೊಡದ ಡಾಕ್ಟರುಗಳು ಸುಲಭವಾಗಿ ಬರೆದುಕೊಡುವ ಸರ್ಟಿಫಿಕೇಟ್‌ಗಳ ಬಗ್ಗೆ ಎಚ್ಚರ ಇರಲಿ ಎಂದೂ ಹೇಳಿತು. ಕಾಲು ಕಳೆದುಕೊಂಡ ಗುಮಾಸ್ತ ಕುರ್ಚಿಯಲ್ಲಿ ಕೂತು ಕೆಲಸ ಮುಂದುವರಿಸಬಹುದು. ಅದೇ ಕಾಲು ಗಾರೆ ಕೆಲಸದವನದ್ದಾದರೆ ದುಡಿಮೆ ನಿಂತೇ ಹೋಯಿತು. ಇಎಸ್‌ಐ ಇರುವ ಕಾರ್ಮಿಕರಿಗೆ ಅದರದೇ ಮೆಡಿಕಲ್ ಬೋರ್ಡ್ ಇದೆ, ಅದು ಬೇರೆ ದಾರಿ.

ಡಾಕ್ಟರುಗಳು ಜಾಸ್ತಿ ಬರೆಯಲು ಹೆದರುತ್ತಾರಾ?

ಕೆಲವರು ಹೆದರುತ್ತಾರೆ. 2024ರಲ್ಲಿ ಐಎಎಸ್ ತರಬೇತಿಯಲ್ಲಿದ್ದ ಒಬ್ಬರ ಸರ್ಟಿಫಿಕೇಟ್ ಬಗ್ಗೆ ದೇಶದಲ್ಲೆಲ್ಲ ಸುದ್ದಿಯಾಯಿತು. ಸುಳ್ಳು ಹೇಳಿ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಸುಳ್ಳುಗಾರರಿಗೆ ಶಿಕ್ಷೆ ಆಗಲೇಬೇಕು, ಅವರು ಕಿತ್ತುಕೊಳ್ಳುವುದು ನನ್ನ ತಮ್ಮನಂಥವರ ತಟ್ಟೆಯಿಂದ. ಆದರೆ ಆ ಅನುಮಾನವನ್ನು ತೆವಳಿಕೊಂಡು ಬಂದವರ ಮೇಲೂ ಹಾಕುವುದು ನ್ಯಾಯವಲ್ಲ. ಅಳೆಯಲು ಕಲಿತ ಡಾಕ್ಟರಿಗೆ ಹೆದರಿಕೆ ಇರುವುದಿಲ್ಲ, ಯಾಕೆಂದರೆ ಬರೆದ ಪ್ರತಿ ನಂಬರಿಗೂ ಅವರ ಹತ್ತಿರ ಲೆಕ್ಕ ಇರುತ್ತದೆ.

ಕೋರ್ಟ್‌ಗಳು ಡಾಕ್ಟರುಗಳ ತರಬೇತಿ ಬಗ್ಗೆ ಏನಾದರೂ ಹೇಳಿವೆಯಾ?

ಹೇಳಿವೆ, ಅದೂ ಇತ್ತೀಚೆಗೆ. 2024ರ ಅಕ್ಟೋಬರ್ 15ರಂದು ಓಂಕಾರ್ ಗೊಂಡ್ ಎಂಬ ವಿದ್ಯಾರ್ಥಿಯ ಕೇಸಿನಲ್ಲಿ ತೀರ್ಪು ಬಂತು. ಮಾತಿನ ತೊಂದರೆ 40 ದಾಟಿದೆ ಎಂಬ ಒಂದೇ ಕಾರಣಕ್ಕೆ ಎಂಬಿಬಿಎಸ್ ಸೀಟು ನಿರಾಕರಿಸುವ ಹಾಗಿಲ್ಲ, ಈ ವ್ಯಕ್ತಿ ಓದಬಲ್ಲರೋ ಇಲ್ಲವೋ ಎಂದು ಬೋರ್ಡ್ ಕಾರಣ ಕೊಟ್ಟು ಹೇಳಬೇಕು ಎಂದಿತು ಸುಪ್ರೀಂ ಕೋರ್ಟ್. ಹತ್ತು ದಿನದ ಮೇಲೆ ಓಂ ರಾಠೋಡ್ ಕೇಸು. ಸ್ನಾಯು ಸೊರಗುತ್ತಾ ಹೋಗುವ ಮಸ್ಕ್ಯುಲರ್ ಡಿಸ್ಟ್ರೋಫಿ ಕಾಯಿಲೆ ಇದ್ದು, 88 ಪರ್ಸೆಂಟ್ ಅಂಗವೈಕಲ್ಯ ಇದ್ದ ಹುಡುಗ. ಬೋರ್ಡಿನವರು ಅನರ್ಹ ಎಂದಿದ್ದರು. ಅವನನ್ನು ಮತ್ತೊಮ್ಮೆ ನೋಡಿ ವರದಿ ಕೊಟ್ಟವರು ಅದೇ ಡಾ. ಸತೇಂದ್ರ ಸಿಂಗ್. ಅವನಿಗೆ ಸೀಟು ಸಿಕ್ಕಿತು. ಇಂಥ ಬೋರ್ಡುಗಳಲ್ಲಿ ಅಂಗವೈಕಲ್ಯ ಇರುವ ಡಾಕ್ಟರ್ ಅಥವಾ ಆರೋಗ್ಯ ಕೆಲಸದವರೊಬ್ಬರು ಇರಬೇಕು, ಸದಸ್ಯರಿಗೆ ತರಬೇತಿ ಬೇಕು ಎಂದು ಕೋರ್ಟ್ ಒತ್ತಿ ಹೇಳಿತು.

ಇವೆರಡೂ ಮೆಡಿಕಲ್ ಸೀಟಿನ ಕೇಸುಗಳು, ಮಾಸಾಶನದ್ದಲ್ಲ. ಆದರೂ ಜಿಲ್ಲಾ ಬೋರ್ಡಿನಲ್ಲೂ ವೀಲ್‌ಚೇರ್‌ನಲ್ಲಿ ಕೂತ ಒಬ್ಬ ಡಾಕ್ಟರ್ ಇದ್ದರೆ ಹೇಗಿರುತ್ತದೆ ಎಂದು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ನನ್ನ ತಮ್ಮ ಆ ಕೋಣೆಗೆ ತಲೆ ಎತ್ತಿಕೊಂಡು ಹೋಗುತ್ತಿದ್ದ.

ಪರ್ಸೆಂಟೇಜ್ ಕಡಿಮೆ ಬಂತು, ಅಥವಾ ಅರ್ಜಿಯನ್ನೇ ತಿರಸ್ಕರಿಸಿದರು. ಮುಂದೇನು?

ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಬೇಕು ಎಂದು ನಿಯಮದಲ್ಲೇ ಇದೆ. ಬಾಯಿಮಾತಿಗೆ ಒಪ್ಪಿಕೊಂಡು ಬರಬೇಡಿ. ಮೊದಲು ಸರ್ಟಿಫಿಕೇಟ್ ಕೊಡಲು ಒಂದು ತಿಂಗಳ ಗಡುವು ಇತ್ತು, 2024ರ ತಿದ್ದುಪಡಿಯಲ್ಲಿ ಅದು ಮೂರು ತಿಂಗಳಾಗಿದೆ. ಅಷ್ಟು ಸಮಯ ತೆಗೆದುಕೊಂಡವರು ಎರಡು ಸಾಲು ಕಾರಣ ಬರೆಯಬಹುದು.

ತೀರ್ಮಾನ ಒಪ್ಪಿಗೆ ಆಗದಿದ್ದರೆ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು. ಬರೀ "ಅನ್ಯಾಯ ಆಗಿದೆ" ಎಂದು ಬರೆದರೆ ಕೆಲಸ ಆಗುವುದಿಲ್ಲ. ಯಾವ ವಿಭಾಗದ ಡಾಕ್ಟರ್ ನೋಡಿದರು, ಯಾವ ಪರೀಕ್ಷೆ ಮಾಡಲಿಲ್ಲ, ಯಾವ ತೊಂದರೆ ಬಿಟ್ಟುಹೋಯಿತು ಎಂದು ಬರೆಯಿರಿ. "ಸೈಕಾಲಜಿಸ್ಟ್ ಇಲ್ಲದೆ ಬುದ್ಧಿಮಟ್ಟ ಬರೆದಿದ್ದಾರೆ", "ಕೈಯ ಬಲ ಅಳೆಯಲೇ ಇಲ್ಲ" ಎನ್ನುವಂಥ ವಾಕ್ಯಕ್ಕೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೂ ದೂರು ಕೊಡಬಹುದು.

ಡಾಕ್ಟರ್ ಹತ್ತಿರ "ನೀವು ಯಾವ ಸ್ಪೆಷಲಿಸ್ಟ್" ಅಂತ ಕೇಳಿದರೆ ಸಿಟ್ಟಾಗುವುದಿಲ್ಲವಾ?

ಕೇಳುವ ರೀತಿಯಲ್ಲಿ ಕೇಳಿದರೆ ಇಲ್ಲ. ನಾನು ಹೀಗೆ ಕೇಳುತ್ತೇನೆ: "ಸಾರ್, ಇವನಿಗೆ ಕೈಯ ತೊಂದರೆಯೂ ಇದೆ, ಮಾತಿನ ತೊಂದರೆಯೂ ಇದೆ. ಮಾತನ್ನು ನೀವೇ ನೋಡುತ್ತೀರಾ, ಇಎನ್‌ಟಿಯವರ ಹತ್ತಿರ ಹೋಗಬೇಕಾ?" ಒಳ್ಳೆಯ ಡಾಕ್ಟರಿಗೆ ಅದು ಸಹಾಯವೇ. ಎಷ್ಟೋ ಸಲ "ಹೌದಲ್ಲಾ, ಅಲ್ಲೂ ತೋರಿಸಿ ಬನ್ನಿ" ಎಂದು ಚೀಟಿ ಬರೆದುಕೊಟ್ಟಿದ್ದಾರೆ.

ಹೋಗುವ ಹಿಂದಿನ ದಿನ ಏನು ತಯಾರಿ ಮಾಡಿಕೊಳ್ಳಬೇಕು?

ಆಧಾರ್, ಫೋಟೋ, ಯುಡಿಐಡಿ ಅರ್ಜಿಯ ಪ್ರತಿ, ಹಳೆಯ ಚೀಟಿ, ಎಕ್ಸ್‌ರೇ, ಕಿವಿ ಪರೀಕ್ಷೆಯ ಆಡಿಯೋಗ್ರಾಮ್ ಇವೆಲ್ಲ ಗೊತ್ತೇ ಇದೆ. ನಾನು ಹೇಳುವುದು ಇನ್ನೊಂದು ಹಾಳೆ. ಅದರಲ್ಲಿ ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವ ತನಕ ಏನೇನಕ್ಕೆ ಯಾರ ಸಹಾಯ ಬೇಕು ಎಂದು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನಾಲ್ಕೇ ಸಾಲಾದರೂ ಸಾಕು. ಬೋರ್ಡ್ ಕೋಣೆಯಲ್ಲಿ ಬಾಯಿ ಒಣಗುತ್ತದೆ, ನೆನಪು ಹಾರುತ್ತದೆ. ತಮ್ಮನ ಎರಡನೇ ತಪಾಸಣೆಗೆ ನಮ್ಮಮ್ಮ ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು. "ತಲೆಗೆ ಎಣ್ಣೆ ನಾನೇ ಹಚ್ಚಬೇಕು. ಅನ್ನ ಕಲಸಿ ಕೊಡಬೇಕು. ಬಚ್ಚಲಲ್ಲಿ ಜಾರುತ್ತಾನೆ." ಆ ಡಾಕ್ಟರ್ ಅದನ್ನು ಪೂರ್ತಿ ಓದಿದರು. ಆಮೇಲೆ ಎದ್ದು ಬಂದು ತಮ್ಮನ ಪಕ್ಕ ನೆಲದ ಮೇಲೆ ಕೂತು, "ಎಲ್ಲಿ, ಈ ಗುಂಡಿ ಹಾಕು ನೋಡೋಣ" ಎಂದರು.